ಹಿಂದಿನಿಂದ ಗುದ್ದಿದಾಗ ‘ಏನೂ ಆಗಿಲ್ಲ ಬಿಡಿ’ ಅನ್ನಬೇಡಿ

ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸ್ ಸಿಗ್ನಲ್. ಮುಂದೆ ಬಿಎಂಟಿಸಿ ಬಸ್ಸು, ಅದರ ಬೆನ್ನಿಗೇ ನನ್ನ ಬೈಕು. ನ್ಯೂಟ್ರಲ್‌ಗೆ ಹಾಕಿ, ಎರಡೂ ಕಾಲು ಊರಿ ನಿಂತಿದ್ದೆ. ಹಿಂದಿನಿಂದ ಕಾರೊಂದು ಬಂದು ಗುದ್ದಿತು. ಬಸ್ಸಿನ ಬಂಪರಿಗೂ ನನ್ನ ಹೆಲ್ಮೆಟ್ಟಿಗೂ ಗೇಣು ದೂರ ಉಳಿದಿತ್ತು, ಅಷ್ಟೇ. ಕಾರಿನವರು ಇಳಿದು ಬಂದು, ‘ಸಾರಿ ಸರ್, ಏನಾದ್ರೂ ಆಯ್ತಾ?’ ಎಂದು ಕೇಳಿದರು. ಹಿಂದೆ ಹಾರನ್ನುಗಳ ಗಲಾಟೆ. ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತಾ ‘ಏನೂ ಆಗಿಲ್ಲ ಬಿಡಿ’ ಎಂದು ಹೇಳಿ ಹೊರಟುಬಿಟ್ಟೆ.

ಮರುದಿನ ಬೆಳಿಗ್ಗೆ ಕತ್ತು ತಿರುಗಲಿಲ್ಲ. ಸಂಜೆ ಮೆಕ್ಯಾನಿಕ್ ಫೋನ್ ಮಾಡಿ ಹಿಂದಿನ ರಿಮ್ ಬೆಂಡ್ ಆಗಿದೆ ಎಂದ. ಕಾರಿನ ನಂಬರ್? ಅದನ್ನು ನೋಡಿಯೇ ಇರಲಿಲ್ಲ. ಆ ಮೂರು ಪದಕ್ಕೆ ನಾನು ತೆತ್ತ ಬೆಲೆಯನ್ನು ನೀವು ತೆರುವುದು ಬೇಡ ಎಂದೇ ಈ ಲೇಖನ.

ನಿಲ್ಲುವಾಗಲೇ ದಾರಿ ಇಟ್ಟುಕೊಳ್ಳಿ

ಮುಂದಿನ ವಾಹನದ ಬಾಲಕ್ಕೆ ಅಂಟಿಕೊಂಡು ನಿಲ್ಲಬೇಡಿ. ಒಂದು ಬೈಕಿನಷ್ಟು ಜಾಗ ಬಿಡಿ. ಆ ವಾಹನದ ಹಿಂದೆ ನಟ್ಟ ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ನಿಂತರೆ, ಗುದ್ದು ಬಿದ್ದಾಗ ಎರಡು ವಾಹನಗಳ ನಡುವೆ ಸಿಕ್ಕಿ ಅಪ್ಪಚ್ಚಿಯಾಗುವುದು ತಪ್ಪುತ್ತದೆ. ನಿಮ್ಮ ಹಿಂದೆ ಒಂದೆರಡು ವಾಹನ ಬಂದು ನಿಲ್ಲುವವರೆಗೂ ಕ್ಲಚ್ ಹಿಡಿದು ಫಸ್ಟ್ ಗೇರಿನಲ್ಲೇ ಇರಿ, ಕಣ್ಣು ಕನ್ನಡಿಯಲ್ಲಿರಲಿ. ಬ್ರೇಕನ್ನು ಎರಡು ಮೂರು ಸಲ ಒತ್ತಿ ಬಿಟ್ಟರೆ ಹಿಂದಿನ ದೀಪ ಮಿನುಗುತ್ತದೆ, ಬರುವವರ ಗಮನ ಸೆಳೆಯುತ್ತದೆ.

ಗುದ್ದಿದ ಮೇಲೆ, ರಸ್ತೆಯಲ್ಲಿ

ಥಟ್ಟನೆ ಎದ್ದು ನಿಲ್ಲಬೇಡಿ. ಬೆರಳುಗಳನ್ನು ಆಡಿಸಿ ನೋಡಿ. ಕತ್ತು ನೋಯುತ್ತಿದ್ದರೆ, ಕೈಕಾಲು ಜುಮ್ಮೆನ್ನುತ್ತಿದ್ದರೆ ಬೇರೆಯವರು ಹೆಲ್ಮೆಟ್ ಕೀಳಲು ಬಿಡಬೇಡಿ. ವೈಸರ್ ಎತ್ತಿ ಸರಾಗವಾಗಿ ಉಸಿರಾಡುವಂತಿದ್ದರೆ ಹಾಗೇ ಇರಲಿ. ನಮ್ಮ ಜನ ಒಳ್ಳೆಯವರು, ಓಡಿ ಬಂದು ನೀರು ಕುಡಿಸಲು ನೋಡುತ್ತಾರೆ. ಪೆಟ್ಟು ಜೋರಾಗಿದ್ದರೆ ಅದನ್ನೂ ಬೇಡ ಅನ್ನಿ, ಆಪರೇಷನ್ ಬೇಕಾದರೆ ತೊಂದರೆಯಾಗುತ್ತದೆ. ಆಂಬುಲೆನ್ಸಿಗೆ 108, ಪೊಲೀಸರಿಗೆ 112. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033.

ನೀವು ನಡೆದಾಡುವ ಸ್ಥಿತಿಯಲ್ಲಿದ್ದರೆ ಬೈಕನ್ನು ಪಕ್ಕಕ್ಕೆ ತಳ್ಳುವ ಮೊದಲು ಫೋಟೊ ತೆಗೆಯಿರಿ. ಎರಡೂ ವಾಹನ ಒಂದೇ ಚೌಕಟ್ಟಿನಲ್ಲಿ ಬರಲಿ. ನಂಬರ್ ಪ್ಲೇಟ್, ಒಡೆದ ಟೇಲ್‌ಲ್ಯಾಂಪ್, ರಸ್ತೆಯ ಮೇಲಿನ ಟೈರ್ ಗುರುತು, ಸಿಗ್ನಲ್ ಕಂಬ, ಎಲ್ಲವೂ ಬೇಕು. ಕಾರಿನವರ ಹೆಸರು, ಫೋನ್, ಲೈಸೆನ್ಸ್, ವಿಮೆ ಪಾಲಿಸಿಯ ಫೋಟೊ ತೆಗೆದುಕೊಳ್ಳಿ. ಅಂಗಡಿಯವರು ಯಾರಾದರೂ ನೋಡಿದ್ದರೆ ಅವರ ನಂಬರನ್ನೂ ಕೇಳಿ. ‘ಕೋರ್ಟು ಕಚೇರಿ ನಮಗ್ಯಾಕೆ’ ಎಂದು ಹಿಂಜರಿಯುತ್ತಾರೆ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ನೆರವಾದವರಿಗೆ ರಕ್ಷಣೆ ಕೊಡುತ್ತದೆ ಎಂದು ಹೇಳಿದರೆ ಕೆಲವರಿಗಾದರೂ ಧೈರ್ಯ ಬರುತ್ತದೆ. ಸಿಸಿ ಟಿವಿ ಇದ್ದ ಅಂಗಡಿಯನ್ನು ಅವತ್ತೇ ಗುರುತು ಮಾಡಿಕೊಳ್ಳಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ, ಹದಿನೈದು ದಿನ ಬಿಟ್ಟು ಹೋದರೆ ಸಿಗಲಿಕ್ಕಿಲ್ಲ.

ಆಸ್ಪತ್ರೆಯಲ್ಲಿ ಹೇಳುವ ಮೊದಲ ವಾಕ್ಯ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚಿನವರು ಸೋಲುವುದು ಇಲ್ಲೇ.

ಹಿಂದಿನಿಂದ ಗುದ್ದು ಬಿದ್ದಾಗ ಮೈ ಮುಂದಕ್ಕೆ ಹೋಗುತ್ತದೆ, ತಲೆ ಹಿಂದೆ ಉಳಿದು ಆಮೇಲೆ ಚಾಟಿಯಂತೆ ಬೀಸುತ್ತದೆ. ಕತ್ತಿನ ಸ್ನಾಯು ಹಿಗ್ಗುತ್ತವೆ. ಗಾಬರಿಯಲ್ಲಿ ಏರಿದ ಅಡ್ರಿನಲಿನ್ ಕೆಲವು ಗಂಟೆ ನೋವನ್ನು ಮರೆಸುತ್ತದೆ. ಆದ್ದರಿಂದ ರಕ್ತ ಬರದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಿ.

ಅಲ್ಲಿ ‘ಹೇಗಾಯ್ತು?’ ಎಂದು ಕೇಳಿದಾಗ ನಾವು ಸುಮ್ನೆ ‘ಬೈಕಿಂದ ಬಿದ್ದೆ’ ಅನ್ನುತ್ತೇವೆ. ಅವರು ಅದನ್ನೇ ಬರೆದುಕೊಳ್ಳುತ್ತಾರೆ. ತಿಂಗಳುಗಳ ನಂತರ ವಿಮಾ ಕಂಪನಿಯ ವಕೀಲರು ಆ ಒಂದು ಸಾಲನ್ನು ಮುಂದಿಟ್ಟು ‘ತಾನೇ ಬಿದ್ದಿದ್ದಾರೆ, ಕಾರಿನ ಪಾತ್ರವೇ ಇಲ್ಲ’ ಎಂದು ವಾದಿಸುತ್ತಾರೆ. ಸರಿಯಾಗಿ ಹೇಳಿ: ‘ಸಿಗ್ನಲ್‌ನಲ್ಲಿ ನಿಂತಿದ್ದೆ, ಇಂಥ ನಂಬರಿನ ಕಾರು ಹಿಂದಿನಿಂದ ಗುದ್ದಿತು.’ ಎಂಎಲ್‌ಸಿ ಮಾಡಲು ಕೇಳಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂದು ದಾಖಲಿಸುವುದು. ಆಮೇಲೆ ಸಿಗುವ ಗಾಯದ ಪ್ರಮಾಣಪತ್ರ ನಿಮ್ಮ ಮುಖ್ಯ ದಾಖಲೆ. ಔಷಧಿ ಬಿಲ್ಲು, ಎಕ್ಸ್‌ರೇ, ರಜೆ ಚೀಟಿ, ಸಂಬಳದ ಚೀಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ.

ಕೈಯಲ್ಲಿ ದುಡ್ಡಿಲ್ಲವೆಂದು ತಡ ಮಾಡಬೇಡಿ. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದಿದೆ.

ಠಾಣೆಯಲ್ಲಿ

ಬೆಂಗಳೂರಿನಲ್ಲಿ ಇದಕ್ಕೆ ಸಂಚಾರ ಠಾಣೆ. ಬೇರೆ ಕಡೆ ಸಂಚಾರ ಠಾಣೆ ಇಲ್ಲದಿದ್ದರೆ ಆ ಜಾಗದ ಪೊಲೀಸ್ ಠಾಣೆ. ದೂರಿನಲ್ಲಿ ಬೈಕು ನಿಂತಿತ್ತೋ, ಓಡುತ್ತಿತ್ತೋ, ಬ್ರೇಕ್ ದೀಪ ಕೆಲಸ ಮಾಡುತ್ತಿತ್ತೋ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಹಿಂದಿನವರು ಅಂತರ ಕಾಯ್ದುಕೊಳ್ಳಬೇಕು ಎಂಬುದು ನಿಯಮ. ಆದರೂ ‘ಇವರೇ ಸಡನ್ನಾಗಿ ಬ್ರೇಕ್ ಹಾಕಿದರು’ ಎಂಬ ವಾದ ಬಂದೇ ಬರುತ್ತದೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ.

ರಾಜಿ ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ. ಇಂಡಿಕೇಟರ್ ಒಡೆದಿದ್ದಕ್ಕೆ ಕೋರ್ಟು ಅಲೆಯುವುದು ಯಾರಿಗೆ ಬೇಕು? ಆದರೆ ಡಾಕ್ಟರು ನೋಡಿದ ಮೇಲೆ, ಮೆಕ್ಯಾನಿಕ್ ಎಸ್ಟಿಮೇಟ್ ಕೊಟ್ಟ ಮೇಲೆ ಮಾತ್ರ ರಾಜಿ. ‘ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ’ ಎಂಬ ಕಾಗದಕ್ಕೆ ರಸ್ತೆಬದಿಯಲ್ಲಿ ಸಹಿ ಹಾಕಬೇಡಿ.

ಬೈಕಿನ ಕ್ಲೇಮು

ಮೊದಲು ನಿಮ್ಮ ಪಾಲಿಸಿ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ (ನಿಮ್ಮಿಂದ ಬೇರೆಯವರಿಗಾದ ಹಾನಿಗೆ ಕೊಡುವ ವಿಮೆ) ಇದ್ದರೆ ನಿಮ್ಮ ಕಂಪನಿ ನಿಮ್ಮ ಬೈಕಿಗೆ ಬಿಡಿಗಾಸೂ ಕೊಡುವುದಿಲ್ಲ, ಕಾರಿನ ವಿಮೆಯಿಂದಲೇ ವಸೂಲಾಗಬೇಕು. ಓನ್ ಡ್ಯಾಮೇಜ್ (ನಿಮ್ಮ ಬೈಕಿನ ಹಾನಿಗೇ ಕೊಡುವ ವಿಮೆ) ಇದ್ದರೆ ನಿಮ್ಮ ಕಂಪನಿಗೇ ಕ್ಲೇಮು ಹಾಕುವುದು ಬೇಗ ಮುಗಿಯುವ ದಾರಿ. ಕೂಡಲೇ ಫೋನ್ ಮಾಡಿ ಕ್ಲೇಮ್ ನಂಬರ್ ಪಡೆಯಿರಿ. ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ನೋಡುವ ಮೊದಲು ಬೈಕನ್ನು ಬಿಚ್ಚಿಸಬೇಡಿ.

‘ನೋ ಕ್ಲೇಮ್ ಬೋನಸ್ ಹೋಗುತ್ತೆ’ ಎಂದು ಹೆದರುವವರು ಜಾಸ್ತಿ. ಲೆಕ್ಕ ಹಾಕಿ. ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ಈ ರಿಯಾಯಿತಿ ಶೇ 20ರಿಂದ ಶುರುವಾಗಿ ಶೇ 50ರವರೆಗೆ ಏರುತ್ತದೆ, ನಿಜ. ಆದರೆ ಅದು ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ, ಥರ್ಡ್ ಪಾರ್ಟಿ ಭಾಗಕ್ಕೆ ಅಲ್ಲ. ಓನ್ ಡ್ಯಾಮೇಜ್ ಪ್ರೀಮಿಯಂ ಸಾವಿರ ರೂಪಾಯಿ ಇದ್ದರೆ, ಶೇ 50 ಇದ್ದವರೂ ಮುಂದಿನ ವರ್ಷ ಕಳೆದುಕೊಳ್ಳುವುದು ಐನೂರು. ಮತ್ತೆ ಮೇಲೇರುವ ವರ್ಷಗಳನ್ನೆಲ್ಲ ಸೇರಿಸಿದರೂ ಎಂಟು ಸಾವಿರದ ರಿಪೇರಿಯ ಮುಂದೆ ಅದು ಸಣ್ಣ ಮೊತ್ತ.

ಪೂರ್ತಿ ಬಿಲ್ಲು ಬರುತ್ತದೆಂದೂ ಅಂದುಕೊಳ್ಳಬೇಡಿ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಕಡಿತ. ಲೋಹದ ಭಾಗಗಳಿಗೆ ಬೈಕಿನ ವಯಸ್ಸು ನೋಡಿ ಕಡಿತ. ಇಂಥ ಕಡಿತವಿಲ್ಲದ ‘ಜೀರೊ ಡೆಪ್’ ವಿಮೆ ಇದ್ದರೆ ಈ ತಾಪತ್ರಯ ಕಡಿಮೆ. ರಿಪೇರಿ ಖರ್ಚು ಬೈಕಿನ ಐಡಿವಿಯ (ಪಾಲಿಸಿಯಲ್ಲಿ ನಮೂದಾದ ಬೈಕಿನ ಮೌಲ್ಯ) ಶೇ 75 ದಾಟಿದರೆ ಟೋಟಲ್ ಲಾಸ್ (ಪೂರ್ತಿ ನಷ್ಟ) ಎಂದು ಪರಿಗಣಿಸುತ್ತಾರೆ.

ಮೈಯ ಪರಿಹಾರ

ನಿಮ್ಮ ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯನ್ನು ನೋಡಿ ಖುಷಿಪಡುವ ಮುನ್ನ ಒಂದು ಮಾತು. ಅದು ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ, ಅದೂ ಬೈಕ್ ಮಾಲೀಕರೇ ಓಡಿಸುತ್ತಿದ್ದರೆ. ಮುರಿದ ಮಣಿಕಟ್ಟಿಗೆ ಅದು ಬರುವುದಿಲ್ಲ. ಅದಕ್ಕೆ ಗುದ್ದಿದ ಕಾರಿನ ಥರ್ಡ್ ಪಾರ್ಟಿ ವಿಮೆಯೇ ಗತಿ. ಹಿಂದೆ ಕೂತಿದ್ದವರಿಗೂ ಅಷ್ಟೆ.

ಅದನ್ನು ಕೇಳುವ ಜಾಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಕಾಯ್ದೆಯ 166ನೇ ಕಲಂ ಅಡಿ ಅರ್ಜಿ. ಅಪಘಾತವಾದ ಊರಿನಲ್ಲಷ್ಟೇ ಅಲ್ಲ, ನೀವು ವಾಸವಿರುವ ಕಡೆಯೂ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿ ಆರು ತಿಂಗಳ ಗಡುವು ಹೇಳುತ್ತದೆ. ‘ಆಸ್ಪತ್ರೆ ಓಡಾಟ ಮುಗೀಲಿ, ನೋಡೋಣ’ ಎಂದು ಕೂರಬೇಡಿ. ಗುದ್ದಿದವರು ಪರಾರಿಯಾಗಿ ವಾಹನವೇ ಪತ್ತೆಯಾಗದಿದ್ದರೆ, ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ರೂಪಾಯಿ ಸರ್ಕಾರದ ಯೋಜನೆಯಿಂದ ಸಿಗುತ್ತದೆ.

ನಿಮ್ಮ ಸ್ವಂತ ಕಂಪನಿಯೇ ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಅವರ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಇಂಥ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಅವರ ಬೆಂಗಳೂರು ಕಚೇರಿ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಬೈಕು ರಿಪೇರಿಯಾಗಿ ಬಂದಾಗ ‘ಕೆಲಸ ತೃಪ್ತಿಕರ’ ಎಂಬ ಕಾಗದ ಮುಂದಿಡುತ್ತಾರೆ. ಸಹಿಗೆ ಮುಂಚೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿ. ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತಿದ್ದರೆ ಚಾಸಿ ನೋಡಿಸಿ. ಹಾಗೆಯೇ ನೆಲಕ್ಕೆ ಬಡಿದ ಹೆಲ್ಮೆಟ್ಟನ್ನು ಮತ್ತೆ ಹಾಕಬೇಡಿ. ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಥರ್ಮಾಕೋಲು ಒಂದೇ ಪೆಟ್ಟಿಗೆ ಕುಸಿದಿರುತ್ತದೆ.