ಮೈಕ್‌ಸೆಟ್ ಅಂಗಡಿಯ ಎಂಬತ್ತೆಂಟು ತಟ್ಟೆಗಳು

ನನ್ನ ಬಳಿ ಈಗ ಚಲನಚಿತ್ರಗೀತೆಗಳ ಸುಮಾರು ಇನ್ನೂರೈವತ್ತು ಗ್ರಾಮಫೋನ್ ತಟ್ಟೆಗಳಿವೆ. ಅವುಗಳಲ್ಲಿ ಮೊದಲ ಎಂಬತ್ತೆಂಟು ಬಂದದ್ದು ಒಂದೇ ದಿನ, ಒಂದೇ ಕಬ್ಬಿಣದ ಟ್ರಂಕಿನಲ್ಲಿ. ಗುಬ್ಬಿಯ ಸಮೀಪದ ಊರೊಂದರಲ್ಲಿ ಮದುವೆ, ಜಾತ್ರೆ, ಗಣೇಶನ ಹಬ್ಬಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಯಜಮಾನರೊಬ್ಬರು ಅಂಗಡಿ ಮುಚ್ಚುವಾಗ ಹಾರನ್ನು, ಆಂಪ್ಲಿಫೈಯರುಗಳನ್ನೆಲ್ಲ ಗುಜರಿಗೆ ಹಾಕಿ, ಈ ಟ್ರಂಕನ್ನು ಮಾತ್ರ ಮನೆಯಲ್ಲಿ ಉಳಿಸಿಕೊಂಡಿದ್ದರು. ಅವರ ಮೊಮ್ಮಗ ತುಮಕೂರಿನಲ್ಲಿ ನಾನು ಪಾಠ ಹೇಳುವ ಪ್ರೌಢಶಾಲೆಯಲ್ಲಿ ಓದುತ್ತಿದ್ದುದರಿಂದ ಸುದ್ದಿ ನನ್ನ ಕಿವಿಗೆ ಬಿತ್ತು. ಹೋಗಿ ಕೇಳಿದಾಗ ಅವರು, ‘ದುಡ್ಡಿನ ಮಾತು ಆಮೇಲಿರ್ಲಿ ಮೇಷ್ಟ್ರೇ, ಗೋಡೆಗೆ ತಗುಲಾಕೋಕೆ ಬೇಕಾಗಿದ್ರೆ ಮಾತ್ರ ಕೊಡಾಕಿಲ್ಲ’ ಎಂದರು. ಹಾಕಿ ಕೇಳುವುದಕ್ಕೇ ಎಂದು ಮಾತು ಕೊಟ್ಟು, ಬಿಸಿಲಿಗೆ ತಟ್ಟೆಗಳು ಸೊಟ್ಟಗಾದಾವೆಂದು ಬಸ್ಸಿನ ಮೇಲೆ ಹೇರದೆ, ಆಟೋ ಮಾಡಿಕೊಂಡು ತುಮಕೂರಿಗೆ ತಂದೆ.

ಪ್ರತಿ ತಟ್ಟೆಯ ನಡುವಿನ ಲೇಬಲ್ಲಿನ ಮೇಲೂ ಬಿಳಿ ಬಣ್ಣದಲ್ಲಿ ಒಂದೊಂದು ಸಂಖ್ಯೆ ಬರೆದಿತ್ತು, ಜೊತೆಗೆ ಯಾವ ಸಂಖ್ಯೆ ಯಾವ ಚಿತ್ರದ್ದೆಂದು ತೋರಿಸುವ ಒಂದು ಲೆಕ್ಕದ ಪುಸ್ತಕವೂ ಇತ್ತು. ನಾನು ಮೊದಲು ಕೈಗೆತ್ತಿಕೊಂಡದ್ದು 27ನೆಯದು, 1973ರ ‘ಗಂಧದ ಗುಡಿ’. ರಾಜನ್-ನಾಗೇಂದ್ರ ಅವರ ಸಂಗೀತ, ‘ನಾವಾಡುವ ನುಡಿಯೇ’ ಹಾಡಿದವರು ಪಿ.ಬಿ. ಶ್ರೀನಿವಾಸ್. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಆ ಹಾಡಿರುವ ಬದಿ ಸವೆದು ಬೂದಿ ಬಣ್ಣಕ್ಕೆ ತಿರುಗಿತ್ತು, ಮತ್ತೊಂದು ಬದಿ ಮಾತ್ರ ಇನ್ನೂ ಕಾಡಿಗೆಯಂತೆ ಕಪ್ಪಗೆ ಹೊಳೆಯುತ್ತಿತ್ತು. ನಮ್ಮ ಸೀಮೆಯ ಜನ ಯಾವ ಹಾಡನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು ಎಂಬುದು ಯಾವ ಪತ್ರಿಕೆಯಲ್ಲಿ ದಾಖಲಾಗಿರದಿದ್ದರೂ ಆ ಸವೆತದಲ್ಲಿ ದಾಖಲಾಗಿದೆ ಎಂದು ಅಂದು ನನಗೆ ಅನ್ನಿಸಿತು. ಹೊಚ್ಚಹೊಸದರಂತಿರುವ ಪ್ರತಿಯನ್ನೇ ಹುಡುಕುವ ಸಂಗ್ರಾಹಕರ ಬಗ್ಗೆ ನನಗೆ ಗೌರವವಿದೆ, ಆದರೆ ಸವೆದ ತಟ್ಟೆಯಿಂದ ಸಾಧ್ಯವಾದಷ್ಟು ಸಂಗೀತವನ್ನು ಹೊರಗೆ ತರುವುದೇ ನಾನು ಆರಿಸಿಕೊಂಡ ಕೆಲಸ.

ಆ ಕೆಲಸಕ್ಕೆ ಮೊದಲು ತಟ್ಟೆಗಳ ಜಾತಿಯನ್ನು ಬೇರ್ಪಡಿಸಬೇಕಾಯಿತು. ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗಳು ನಮ್ಮ ದೇಶದಲ್ಲಿ 1960ರ ದಶಕದ ಕೊನೆಯವರೆಗೂ ತಯಾರಾಗುತ್ತಿದ್ದವು. ಅವುಗಳ ಒಂದು ಬದಿಯಲ್ಲಿ ಹಿಡಿಸುವುದು ಮೂರು ನಿಮಿಷದ ಆಸುಪಾಸಿನ ಹಾಡು ಮಾತ್ರ, ಅದಕ್ಕಿಂತ ಉದ್ದದ ಹಾಡಾದರೆ ಅರ್ಧಕ್ಕೆ ನಿಲ್ಲಿಸಿ ತಟ್ಟೆಯನ್ನು ಮಗುಚಬೇಕು. ಆಮೇಲೆ ಬಂದ ಏಳು ಇಂಚಿನ ಇ.ಪಿ.ಗಳು 45 ಸುತ್ತಿನವು, ಸಾಮಾನ್ಯವಾಗಿ ಬದಿಗೆ ಎರಡು ಹಾಡು. ಹನ್ನೆರಡು ಇಂಚಿನ ಎಲ್.ಪಿ.ಗಳು ಮೂವತ್ತಮೂರು ಮತ್ತು ಮೂರನೆಯ ಒಂದು ಪಾಲು, ಅಂದರೆ 33⅓ ಸುತ್ತಿನವು. ಟ್ರಂಕಿನಲ್ಲಿದ್ದ ಒಂದು ಸಣ್ಣ ತಟ್ಟೆಯನ್ನು ಇ.ಪಿ. ಎಂದೇ ಭಾವಿಸಿ 45ರಲ್ಲಿ ಹಾಕಿದಾಗ ಎಸ್. ಜಾನಕಿ ಅವರ ದನಿ ಎಳೆಮಗುವಿನ ದನಿಯಂತೆ ಕೇಳಿಸಿತು. ಲೇಬಲ್ಲಿನ ಸಣ್ಣ ಅಕ್ಷರಗಳನ್ನು ಓದಿದ ಮೇಲೆ ಅದು ಏಳು ಇಂಚಿನದಾಗಿದ್ದರೂ 33⅓ರಲ್ಲಿ ತಿರುಗಬೇಕಾದ ‘ಸೂಪರ್ 7’ ಎಂದು ತಿಳಿಯಿತು.

ಯಂತ್ರದ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಮೊದಲ ಎರಡು ವರ್ಷ ವ್ಯರ್ಥವಾದದ್ದು ಇಲ್ಲಿಯೇ. ಆರಂಭದಲ್ಲಿ ನನ್ನ ಬಳಿ ಇದ್ದದ್ದು ನಮ್ಮ ಸೋದರಮಾವನವರ ಮನೆಯ ಹಳೆಯ ಎಚ್‌ಎಂವಿ ‘ಫಿಯೆಸ್ಟಾ’ ರೆಕಾರ್ಡ್ ಪ್ಲೇಯರ್. ನೋಡಲು ಚೆಂದ, ನೆನಪಿನ ವಸ್ತುವಾಗಿ ಅಮೂಲ್ಯ, ಆದರೆ ಆ ಕಾಲದ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಭಾಗ) ತಟ್ಟೆಯ ಮೇಲೆ ಐದು ಗ್ರಾಂಗೂ ಹೆಚ್ಚು ಭಾರ ಹೇರುತ್ತದೆ, ಸವೆದ ಮುಳ್ಳಿನ ಮೇಲೆ ಅಷ್ಟು ಭಾರ ಬಿದ್ದರೆ ಅದು ಹಾಡನ್ನು ಓದುತ್ತಲೇ ಕೆರೆದು ಹಾಕುತ್ತದೆ. ಮೈಕ್‌ಸೆಟ್ ತಟ್ಟೆಗಳು ಬೂದಿ ಬಣ್ಣಕ್ಕೆ ತಿರುಗಿದ ಕಾರಣವೂ ಇದೇ. ಹಣ ಕೂಡಿಸಿ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಇರುವ ಯಂತ್ರವೊಂದನ್ನು ತಂದು, ಭಾರವನ್ನು ಎರಡು ಗ್ರಾಂಗೆ ಹೊಂದಿಸಿ, ದುಂಡುಮೊನೆಯ ಮುಳ್ಳಿನ ಬದಲು ಅಂಡಾಕಾರದ ಮೊನೆಯ ಮುಳ್ಳನ್ನು ಹಾಕಿಸಿದೆ. ಹಳೆಯ ದುಂಡುಮುಳ್ಳು ಜಾಡಿನ, ಅಂದರೆ ತಟ್ಟೆಯಲ್ಲಿ ಹಾಡು ಕೆತ್ತಿದ ಗೆರೆಯ, ಗೋಡೆಯನ್ನು ಯಾವ ಎತ್ತರದಲ್ಲಿ ಸವೆಸಿತ್ತೋ ಅಲ್ಲಿ ಬಿಟ್ಟು ಬೇರೆ ಕಡೆ ತಾಗಿ ಓಡುವುದರಿಂದ, ಸತ್ತೇ ಹೋಗಿದೆ ಎಂದುಕೊಂಡಿದ್ದ ಎಷ್ಟೋ ಹಾಡುಗಳಲ್ಲಿ ಮರೆಯಾಗಿದ್ದ ವೀಣೆ, ತಬಲಾಗಳ ಅಂಚು ಮರಳಿ ಬಂತು. 78ರ ತಟ್ಟೆಗಳ ಜಾಡು ಇನ್ನೂ ಅಗಲವಾದದ್ದು, ಅವಕ್ಕೆ ಸುಮಾರು ಮೂರು ಪಟ್ಟು ದಪ್ಪ ಮೊನೆಯ ಬೇರೆ ಮುಳ್ಳೇ ಬೇಕು, ಎಲ್.ಪಿ. ಮುಳ್ಳನ್ನು ಅದರ ಮೇಲೆ ಇಟ್ಟರೆ ಜಾಡಿನ ತಳದ ಕೊಳೆಯಲ್ಲಿ ಅಲೆಯುತ್ತದೆ.

ಇನ್ನೊಂದು ಸಂಗತಿ ಖರ್ಚಿಲ್ಲದ್ದು, ಆದರೆ ಹೊಸ ಮುಳ್ಳಿನಷ್ಟೇ ಫಲ ಕೊಟ್ಟದ್ದು. ನಮ್ಮ 1960ರ ದಶಕದ ಮತ್ತು 70ರ ದಶಕದ ಮೊದಲ ವರ್ಷಗಳ ಬಹುಪಾಲು ಕನ್ನಡ ತಟ್ಟೆಗಳು ಮೊನೊ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು ಇರುವಂಥವು. ಮೊನೊ ತಟ್ಟೆಯಲ್ಲಿ ಸಂಗೀತವಿರುವುದು ಜಾಡಿನ ಎಡಬಲದ ಅಲುಗಾಟದಲ್ಲಿ ಮಾತ್ರ, ಮುಳ್ಳು ಮೇಲಕ್ಕೂ ಕೆಳಕ್ಕೂ ಕುಣಿದು ಹುಟ್ಟಿಸುವುದೆಲ್ಲ ಧೂಳು ಮತ್ತು ಸವೆತದ ಸದ್ದು. ಸ್ಟೀರಿಯೊ ಕಾರ್ಟ್ರಿಜ್ ಎರಡನ್ನೂ ಭೇದವಿಲ್ಲದೆ ಹಿಡಿದು ಕೊಡುತ್ತದೆ. ಆಂಪ್ಲಿಫೈಯರಿನಲ್ಲಿ ಮೊನೊ ಗುಂಡಿ ಒತ್ತಿ ಎಡ ಬಲಗಳನ್ನು ಕೂಡಿಸಿದರೆ ಆ ಮೇಲೆಕೆಳಗಿನ ಸದ್ದು ಒಂದನ್ನೊಂದು ಹೊಡೆದು ಹಾಕಿ ಬಹುಮಟ್ಟಿಗೆ ಅಳಿಯುತ್ತದೆ, ಹಾಡು ಉಳಿಯುತ್ತದೆ. ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಸಿಡಿಯುತ್ತಿದ್ದ 27ನೆಯ ತಟ್ಟೆ ಗುಂಡಿ ಒತ್ತಿದ ಕ್ಷಣ ಶಾಂತವಾದದ್ದನ್ನು ಕೇಳಿ, ಅಡುಗೆಮನೆಯಲ್ಲಿದ್ದ ನನ್ನ ಮನೆಯವರು ತಟ್ಟೆ ಬದಲಾಯಿಸಿದಿರಾ ಎಂದು ಹೊರಗೆ ಬಂದು ಕೇಳಿದ್ದರು.

ತೊಳೆಯುವುದರಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಂದಿಗೂ ನೆನೆದು ನೋಯುತ್ತೇನೆ. ಡಿಸ್ಟಿಲ್ಡ್ ವಾಟರಿಗೆ ಸ್ವಲ್ಪ ಸ್ಪಿರಿಟ್, ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಮೃದುವಾದ ಬಟ್ಟೆಯಿಂದ ಜಾಡಿನ ದಿಕ್ಕಿನಲ್ಲೇ ಒರೆಸಿ, ಬರಿಯ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸುವುದು ಪ್ಲಾಸ್ಟಿಕ್ ತಟ್ಟೆಗಳಿಗೆ, ಅಂದರೆ ಇ.ಪಿ., ಎಲ್.ಪಿ.ಗಳಿಗೆ, ಒಳ್ಳೆಯ ಕ್ರಮ. ಅದೇ ದ್ರಾವಣವನ್ನು ಯೋಚಿಸದೆ ಒಂದು 78ರ ತಟ್ಟೆಗೂ ಬಳಸಿದೆ. ಬಡಗಿಗಳು ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಮರಕ್ಕೆ ಪಾಲಿಶ್ ಹೊಡೆಯುವುದನ್ನು ಎಷ್ಟೋ ಸಲ ನೋಡಿದ್ದರೂ ಅರಗಿನ ತಟ್ಟೆ ಸ್ಪಿರಿಟಿಗೆ ಕರಗುತ್ತದೆಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಬಟ್ಟೆಗೆ ಕಪ್ಪು ಹತ್ತಿತು, ತಟ್ಟೆಯ ಹೊಳಪು ಹೋಯಿತು, ಹಾಡಿನ ಮೇಲೆ ಮರಳು ಸುರಿದಂತೆ ಸದ್ದು ಕೂತುಬಿಟ್ಟಿತು. ಅಂದಿನಿಂದ 78ಗಳಿಗೆ ಸೋಪಿನ ನೀರು ಮಾತ್ರ, ಲೇಬಲ್ಲಿಗೆ ನೀರು ತಾಗದ ಹಾಗೆ.

ಟ್ರಂಕಿನಾಚೆಗಿನ ತಟ್ಟೆಗಳನ್ನು ಹೆಚ್ಚಾಗಿ ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಸಂಡೇ ಬಜಾರಿನಲ್ಲಿ ಕೊಂಡಿದ್ದೇನೆ. ಬೆಳಗಿನ ರೈಲಿಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತುಮಕೂರಿಗೆ ವಾಪಸ್ಸು. ಅಂತರ್ಜಾಲದಲ್ಲಿ ಒಮ್ಮೆ ‘ಅತ್ಯುತ್ತಮ ಸ್ಥಿತಿ’ ಎಂಬ ಮಾತು ನಂಬಿ ತರಿಸಿದ ಎಲ್.ಪಿ. ಬೋಗುಣಿಯಂತೆ ಬಾಗಿ ಬಂದಿತ್ತು, ಮಾರಿದವರು ಉತ್ತರವನ್ನೇ ಕೊಡಲಿಲ್ಲ. ಕಣ್ಣಳತೆಗೆ ಹಿಡಿದು ಅಂಚನ್ನು ನೋಡದೆ ಈಗ ಯಾವ ತಟ್ಟೆಯನ್ನೂ ಕೊಳ್ಳುವುದಿಲ್ಲ.

ಕೇಳುವ ಸುಖದ ಬಗ್ಗೆ ಬರೆಯಲು ಹೊರಟರೆ ಮುಗಿಯುವುದಿಲ್ಲ. ‘ಗಂಧದ ಗುಡಿ’ಯಲ್ಲಿ ಪಿ.ಬಿ. ಶ್ರೀನಿವಾಸರ ದನಿಯಲ್ಲಿ ರಾಜ್‌ಕುಮಾರರನ್ನು ಕೇಳಿ, ಅದರ ಹಿಂದೆಯೇ ಮರುವರ್ಷದ, ಜಿ.ಕೆ. ವೆಂಕಟೇಶರ ಸಂಗೀತದ ‘ಸಂಪತ್ತಿಗೆ ಸವಾಲ್’ ಹಾಕಿದರೆ ‘ಯಾರೇ ಕೂಗಾಡಲಿ’ಯಲ್ಲಿ ರಾಜ್‌ಕುಮಾರರೇ ಹಾಡುತ್ತಾರೆ. ಕನ್ನಡ ಚಿತ್ರಗೀತೆಯಲ್ಲಿ ಒಂದು ಯುಗ ತಿರುಗಿದ್ದನ್ನು ಹೀಗೆ ಐದು ನಿಮಿಷದ ಅಂತರದಲ್ಲಿ ಕಿವಿಯಾರೆ ಕೇಳಬಹುದು. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿ ಇದೆ, ಅದು ನನ್ನ ಯಂತ್ರಕ್ಕೆ ಕಟ್ಟುನಿಟ್ಟಾದ ಪರೀಕ್ಷೆಯೂ ಹೌದು. ಎಲ್.ಪಿ.ಯ ಹೊರ ಅಂಚಿನಲ್ಲಿ ಜಾಡು ಮುಳ್ಳಿನಡಿಯಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ ಒಳತುದಿಯಲ್ಲಿ 21ರಷ್ಟು ಮಾತ್ರ ಓಡುತ್ತದೆ, ಹಾಗಾಗಿ ಒಳಗಿನ ಹಾಡಿನಲ್ಲಿ ಶಹನಾಯಿಯಂಥ ತೀಕ್ಷ್ಣ ದನಿ ಒಡೆಯದೆ ಬಂದರೆ ಮುಳ್ಳು ಸರಿಯಾಗಿ ಕೂತಿದೆ ಎಂದರ್ಥ. ಕೊರತೆಯೂ ಒಂದಿದೆ. ನಮ್ಮ ತಟ್ಟೆಗಳಲ್ಲಿ ಹಾಡುಗಳಿವೆಯೇ ಹೊರತು ಚಿತ್ರದ ಹಿನ್ನೆಲೆ ಸಂಗೀತ ಬಹಳ ಅಪರೂಪ. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ಗೆ ಎಲ್. ವೈದ್ಯನಾಥನ್ ಕೊಟ್ಟ ಶೀರ್ಷಿಕೆ ಸಂಗೀತವನ್ನು ತಟ್ಟೆಯಲ್ಲಿ ಕೇಳಬೇಕೆಂಬುದು ನನ್ನ ಬಹುದಿನದ ಆಸೆ, ಆದರೆ ಮನೆಮನೆಗೆ ಟಿ.ವಿ. ಬಂದ ಕಾಲ ಕ್ಯಾಸೆಟ್ಟಿನ ಕಾಲವೂ ಆಗಿದ್ದರಿಂದ ನನ್ನ ಕಪಾಟಿನಲ್ಲಿ ದೂರದರ್ಶನದ ಸಂಗೀತದ ಒಂದು ತಟ್ಟೆಯೂ ಇಲ್ಲ.

ಮೈಕ್‌ಸೆಟ್ ಯಜಮಾನರು ವರ್ಷಕ್ಕೊಮ್ಮೆ ಸಿದ್ಧಗಂಗೆಯ ಜಾತ್ರೆಗೆ ಬಂದಾಗ ನಮ್ಮ ಮನೆಗೂ ಬರುತ್ತಾರೆ. ಅವರ ಪುಸ್ತಕದಲ್ಲಿ 92 ಸಂಖ್ಯೆಗಳಿವೆ, ಟ್ರಂಕಿನಲ್ಲಿ ಇದ್ದದ್ದು 88. ಕಳೆದುಹೋದ ನಾಲ್ಕರಲ್ಲಿ ಮೂರನ್ನು ಬೇರೆ ಕಡೆಯಿಂದ ಹುಡುಕಿ ತಂದು, ಅವರ ಕೈಯಿಂದಲೇ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆಸಿದ್ದೇನೆ. ಉಳಿದಿರುವುದು 64. ಪುಸ್ತಕದಲ್ಲಿ ಅದರ ಎದುರಿಗೆ ಚಿತ್ರದ ಹೆಸರಿನ ಜಾಗ ಎಣ್ಣೆ ಬಿದ್ದು ಅಳಿಸಿಹೋಗಿದೆ, ಪಕ್ಕದಲ್ಲಿ ಮಾತ್ರ ‘ಮದುವೆಮನೆಯಲ್ಲಿ ಉಳಿಯಿತು, ತರಬೇಕು’ ಎಂಬ ಬರಹವಿದೆ. ಯಾವ ಮದುವೆಮನೆ ಎಂದು ಯಜಮಾನರು ನೆನಪು ಮಾಡಿಕೊಂಡು ಹೇಳಿದ ಮೇಲೆ ತಿಪಟೂರಿನ ಕಡೆಯ ಆ ಹಳ್ಳಿಗೆ ಹೋಗಿ ಬಂದಿದ್ದೇನೆ. ಅಂದಿನ ಮದುಮಗಳ ಅಣ್ಣನೇ ಈಗ ಆ ಮನೆಯ ಹಿರಿಯರು, ಮಜ್ಜಿಗೆ ಕೊಟ್ಟು ಕೂರಿಸಿ ಮಾತಾಡಿಸಿದರು. ‘ಅಟ್ಟದ ಮೇಲೆ ಏನೇನೋ ಐತೆ ಮೇಷ್ಟ್ರೇ, ಯುಗಾದಿಗೆ ಸುಣ್ಣ ಹೊಡೆಯುವಾಗ ಎಲ್ಲಾ ಕೆಳಗಿಳಿಸ್ತೀವಿ, ಆವಾಗ ಬನ್ನಿ’ ಎಂದಿದ್ದಾರೆ.