ಉಕ್ಕಿನ ಹಕ್ಕಳೆಯಿಂದ ಮೈಕ್ರೊವೇವ್ ಹೀರುವ ಬಿಲ್ಲೆ

ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣವನ್ನು ಬಡಿದರೆ ಕಪ್ಪು ಹಕ್ಕಳೆ ಉದುರುತ್ತದಲ್ಲ, ರೋಲಿಂಗ್ ಮಿಲ್ಲುಗಳಲ್ಲಿ ಅದೇ ಲೋಡುಗಟ್ಟಲೆ ಬೀಳುತ್ತದೆ. ಅಲ್ಲಿಯವರು ಅದನ್ನು ಮಿಲ್ ಸ್ಕೇಲ್ ಅನ್ನುತ್ತಾರೆ. ತೂಕದಲ್ಲಿ ಸುಮಾರು ಶೇ 70 ಕಬ್ಬಿಣ, ಮಿಕ್ಕಿದ್ದು ಹೆಚ್ಚಾಗಿ ಆಮ್ಲಜನಕ. ಅದರಲ್ಲಿರುವ ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಬ್ಬಿಣದ ಆಕ್ಸೈಡ್, ನಮಗೆ ಬೇಕಾದದ್ದು. ಮೈಕ್ರೊವೇವ್ ತರಂಗದ ಶಕ್ತಿಯನ್ನು ಶಾಖವಾಗಿ ಕರಗಿಸುವುದು ಅದೇ. ಫೈನಲ್ ಇಯರ್ ಹುಡುಗರು ವರ್ಷವೂ ಇದರಿಂದ ಮೈಕ್ರೊವೇವ್ ಹೀರುವ ಬಿಲ್ಲೆ ಎರೆಯುವ ಪ್ರಾಜೆಕ್ಟ್ ಹಿಡಿದು ನಮ್ಮ ಲ್ಯಾಬಿಗೆ ಬರುತ್ತಾರೆ, ವರ್ಷವೂ ಎರಕದ ಹಂತದಲ್ಲೇ ಕೆಡಿಸಿಕೊಳ್ಳುತ್ತಾರೆ.

ಮೊದಲು ಹಕ್ಕಳೆಗೆ ಅಂಟಿದ ಮಿಲ್ಲಿನ ಎಣ್ಣೆ ಹೋಗುವಂತೆ ಬಿಸಿನೀರು, ಸೋಪಿನ ಪುಡಿ ಹಾಕಿ ಮೂರು ಸಲ ತೊಳೆಯಿರಿ. ಒಣಗಿಸಿ, ಬಾಲ್ ಮಿಲ್ಲಿನಲ್ಲಿ ಅರೆದು, 200 ಮೆಷ್ (ಇಂಚಿಗೆ 200 ಕಣ್ಣಿನ) ಜರಡಿ ಹಿಡಿಯಿರಿ. ಮಾಸ್ಕ್ ಮರೆಯಬೇಡಿ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪುಡಿಯ ಮೇಲೆ ಆಡಿಸಿ, ಅಂಟಿದ್ದನ್ನಷ್ಟೇ ಇಟ್ಟುಕೊಳ್ಳಿ.

ತೊಳೆಯಲು ಬೇಸರವೆಂದು ಎಣ್ಣೆಯನ್ನು ಫರ್ನೇಸಿನಲ್ಲಿ ಸುಡುವವರಿದ್ದಾರೆ. ಗಾಳಿಯಲ್ಲಿ ಚೆನ್ನಾಗಿ ಕಾಯಿಸಿದರೆ ಮ್ಯಾಗ್ನಟೈಟ್ ಹೆಮಟೈಟ್ ಎಂಬ ಇನ್ನೊಂದು ಆಕ್ಸೈಡ್ ಆಗುತ್ತದೆ, ಕಪ್ಪು ಪುಡಿ ಕೆಂಪಾಗುತ್ತದೆ, ಅಯಸ್ಕಾಂತ ತಿರುಗಿಯೂ ನೋಡುವುದಿಲ್ಲ. ಆ ಪುಡಿ ರಂಗೋಲಿಗೆ ಕೆಮ್ಮಣ್ಣಿನ ಬದಲು ಆದೀತು.

ಈಗ ಎರಕ. 60 ಗ್ರಾಂ ಪುಡಿಗೆ 40 ಗ್ರಾಂ ಎಪಾಕ್ಸಿ, ಅಂದರೆ ಅಂಟಿನಂಥ ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಎರಡೂ ಸೇರಿ. ನಾನು ಬಳಸುವುದು ಎಲ್‌ವೈ 556 ರೆಸಿನ್, ಎಚ್‌ವೈ 951 ಹಾರ್ಡನರ್, ತೂಕದಲ್ಲಿ ಹತ್ತಕ್ಕೆ ಒಂದು. ಹಾರ್ಡ್‌ವೇರ್ ಅಂಗಡಿಯ ಐದು ನಿಮಿಷದ ಎಪಾಕ್ಸಿ ಬೇಡವೇ ಬೇಡ, ಕಲಸುವಷ್ಟರಲ್ಲೇ ಕಲ್ಲಾಗುತ್ತದೆ.

ತೊಡಕು ಇರುವುದು ತೂಕದಲ್ಲಿ. ಮ್ಯಾಗ್ನಟೈಟ್ ನೀರಿಗಿಂತ ಐದು ಪಟ್ಟು ಭಾರ, ರೆಸಿನ್ ನೀರಿಗಿಂತ ತುಸುವೇ ಹೆಚ್ಚು. ಕಲಸಿದ ಕೂಡಲೇ ಅಚ್ಚಿಗೆ ಸುರಿದು ಮನೆಗೆ ಹೋದರೆ ಪುಡಿಯೆಲ್ಲ ಗಂಜಿಯ ಅಗುಳಿನಂತೆ ತಳಕ್ಕೆ ಕೂರುತ್ತದೆ. ಮರುದಿನ ಸಿಗುವುದು ಮೇಲೆ ಗಾಜಿನಂಥ ಪೊರೆ, ಕೆಳಗೆ ಮರಳು. ಅದಕ್ಕೇ ಪುಡಿಯನ್ನು ಹಾರ್ಡನರ್ ಇಲ್ಲದ ರೆಸಿನ್ನಿಗೆ ಸ್ವಲ್ಪಸ್ವಲ್ಪವೇ ಸೇರಿಸಿ ಹದಿನೈದು ನಿಮಿಷ ಕಲಸಿ. ಗಂಟುಗಳನ್ನು ಬಟ್ಟಲಿನ ಗೋಡೆಗೆ ಒತ್ತಿ ಒಡೆಯಿರಿ. ಡೆಸಿಕೇಟರಿನಲ್ಲಿ (ಗಾಳಿಯಾಡದಂತೆ ಮುಚ್ಚುವ ಪಾತ್ರೆ) ಇಟ್ಟು ವ್ಯಾಕ್ಯೂಮ್ ಪಂಪಿನಿಂದ ಗುಳ್ಳೆ ಎಳೆಯಿರಿ. ಆಮೇಲೆ ಹಾರ್ಡನರ್ ಹಾಕಿ, ಹೊಸ ಗಾಳಿ ಸೇರದಂತೆ ನಿಧಾನವಾಗಿ ತಿರುಗಿಸುತ್ತಲೇ ಇರಿ. ಬಟ್ಟಲು ಕೈಗೆ ಬೆಚ್ಚಗೆ ತಾಗಲು ಶುರುವಾಗುತ್ತದೆ. ಕಡ್ಡಿ ಎತ್ತಿದಾಗ ಎರಡೆಳೆ ಪಾಕದ ಹಾಗೆ ಎಳೆ ಬಂದರೆ, ಆಗ ಸುರಿಯಿರಿ. ಒಂದೆಳೆಯಲ್ಲಿ ಸುರಿದರೆ ಪುಡಿ ಕೂರುತ್ತದೆ, ಮೂರೆಳೆಗೆ ಕಾದರೆ ಬಟ್ಟಲಿನಲ್ಲೇ ಗಟ್ಟಿ. ನೂರು ಗ್ರಾಮಿಗಿಂತ ಹೆಚ್ಚು ಒಮ್ಮೆಗೇ ಕಲಸಬೇಡಿ. ಒಮ್ಮೆ ಒಬ್ಬ ಹುಡುಗ ಅರ್ಧ ಕೆಜಿ ಕಲಸಿ, ಮಗ್ ಹೊಗೆಯಾಡಿ, ಕಿಟಕಿಗಳೆಲ್ಲ ತೆರೆಯಬೇಕಾಯಿತು. ಮೇಣ ಸವರಿದ ಅಚ್ಚಿಗೆ ಮೇಲೂ ಮುಚ್ಚಳ ಬಿಗಿದು, ಗಟ್ಟಿಯಾಗುವವರೆಗೆ ಎರಡೆರಡು ನಿಮಿಷಕ್ಕೊಮ್ಮೆ ದೋಸೆಯಂತೆ ಮಗುಚಿ. ಮರುದಿನ ಒಂದು ತುಂಡು ಮುರಿದು ಅಂಚು ನೋಡಿ. ಮೇಲಿಂದ ಕೆಳಗೆ ಒಂದೇ ಕಪ್ಪಿರಬೇಕು.

ದಪ್ಪ ಎಷ್ಟು? ದಪ್ಪ ತರಂಗದ ಉದ್ದದ ಕಾಲು ಭಾಗವಿದ್ದರೆ ಬಿಲ್ಲೆಯ ಮುಂದಿನಿಂದಲೂ ಹಿಂದಿನ ಲೋಹದಿಂದಲೂ ಮರಳುವ ತರಂಗಗಳು ಒಂದನ್ನೊಂದು ಅಳಿಸುತ್ತವೆ. ನಾವು ಅಳೆಯುವ 9.4 ಗಿಗಾಹರ್ಟ್ಸ್ ತರಂಗದ ಉದ್ದ ಗಾಳಿಯಲ್ಲಿ ಸುಮಾರು 32 ಮಿ.ಮೀ., ಕಾಲು ಭಾಗ 8. ಬಿಲ್ಲೆಯೊಳಗೆ ಅದು ಎರಡೂವರೆ ಪಟ್ಟು ಕುಗ್ಗುತ್ತದೆ ಎಂದಿಟ್ಟುಕೊಂಡರೆ 3 ಮಿ.ಮೀ. ಆಸುಪಾಸು. ಲೆಕ್ಕವನ್ನು ಪೂರ್ತಿ ನಂಬದೆ 2, 3, 4 ಮಿ.ಮೀ.ನ ಮೂರು ಬಿಲ್ಲೆ ಎರೆಯಿರಿ.

ಅಳೆಯಲು ಕಾಲೇಜುಗಳ ಎಕ್ಸ್ ಬ್ಯಾಂಡ್ ಬೆಂಚ್ ಸಾಕು. ಅದು ವೇವ್‌ಗೈಡ್ ಎಂಬ ಲೋಹದ ಕೊಳವೆಯಲ್ಲಿ ಮೈಕ್ರೊವೇವ್ ಹಾಯಿಸಿ ಅಳೆಯುವ ಸಲಕರಣೆ, ಬಿಲ್ಲೆ ಕೂರುವುದು ಆ ಕೊಳವೆಯೊಳಗೆ. ಬಿಲ್ಲೆಯ ಹಿಂದೆ ಕೊಳವೆಯ ತುದಿ ಮುಚ್ಚುವ ಲೋಹದ ಶಾರ್ಟ್ ಪ್ಲೇಟ್ ಇರಲೇಬೇಕು, ಇಲ್ಲದಿದ್ದರೆ ಆಚೆ ದಾಟಿಹೋದದ್ದನ್ನೂ ಹೀರಿದ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ. ಹೋಗುವ, ಮರಳುವ ತರಂಗಗಳು ಸೇರಿ ಆಗುವ ಏರಿಳಿತದ ಅನುಪಾತಕ್ಕೆ ವಿಎಸ್‌ಡಬ್ಲ್ಯುಆರ್ ಅನ್ನುತ್ತಾರೆ. ಅದು 2 ಬಂದರೆ ಶೇ 11ರಷ್ಟು ಶಕ್ತಿ ಮಾತ್ರ ವಾಪಸಾಗಿದೆ ಎಂದರ್ಥ. ಮೊದಲ ಯತ್ನಕ್ಕೆ ಅದು ಒಳ್ಳೆಯ ಅಂಕ. ಅಲ್ಯೂಮಿನಿಯಂ ಫಾಯಿಲ್ ತರಂಗವನ್ನು ಹಿಂದಕ್ಕೆ ತಳ್ಳುತ್ತದೆಯೇ ಹೊರತು ಹೀರುವುದಿಲ್ಲ. ಮೊಬೈಲ್ ಹಿಂದೆ ಅಂಟಿಸುವ 'ರೇಡಿಯೇಷನ್ ಸ್ಟಿಕರ್' ಒಂದನ್ನೂ ಇದೇ ಬೆಂಚಿಗೆ ಹಾಕಿ ನೋಡಿದ್ದೆ. ಬರೀ ಶಾರ್ಟ್ ಪ್ಲೇಟ್ ಇದ್ದಾಗಲೂ ಸ್ಟಿಕರ್ ಇದ್ದಾಗಲೂ ಮೀಟರಿನ ಮುಳ್ಳು ಅಲ್ಲೇ ನಿಂತಿತ್ತು.

ವೇವ್‌ಗೈಡ್ ಕೊಳವೆಯ ಒಳ ಅಳತೆ 22.86 × 10.16 ಮಿ.ಮೀ. ಬಿಲ್ಲೆಯನ್ನು ಅರ್ಧ ಮಿ.ಮೀ. ದೊಡ್ಡದಾಗಿಯೇ ಎರೆದು ಅರದಿಂದ ಉಜ್ಜಿ ಕೂರಿಸಿ. ಹೆಬ್ಬೆರಳಿನಿಂದ ಒತ್ತಿದರೆ ಬಿಗಿಯಾಗಿ ಒಳಹೋಗಬೇಕು. ಸುತ್ತ ಎಲ್ಲಾದರೂ ಕಾಗದ ತೂರುವಷ್ಟು ಸಂದಿಯಿದ್ದರೆ ಆ ಬಿಲ್ಲೆ ಬಿಟ್ಟು ಇನ್ನೊಂದು ಎರೆಯಿರಿ.