ಅಮೆರಿಕದ ಗಂಡ, ಮೈಸೂರಿನ ಮನೆ, ಐದು ಡಾಲರ್ ಲೆಕ್ಕ: ನನ್ನ ಅನುಭವ

ನಮ್ಮನೆಯವ್ರು ಅಮೆರಿಕನ್ ಸಿಟಿಜನ್, ಮೈಸೂರಿಗೆ ವಾಲಂಟಿಯರ್ ಆಗಿ ಪಾಠ ಹೇಳೋಕೆ ಬಂದವ್ರು ನನ್ನ ಮದುವೆಯಾಗಿ ಇಲ್ಲೇ ಉಳ್ಕೊಂಡ್ರು. ಸಂಸ್ಥೆ ಕೊಡೋದು ವರ್ಷಕ್ಕೆ ಮೂರು ಲಕ್ಷದ ಆಸುಪಾಸು, ಅದಕ್ಕೆಂಥ ಅಮೆರಿಕದ ಟ್ಯಾಕ್ಸು ಅಂತ ಎಲ್ರೂ ಕೇಳ್ತಾರೆ. ಟ್ಯಾಕ್ಸ್ ಬರಲ್ಲ ನಿಜ, ಆದ್ರೆ ಅಮೆರಿಕನ್ ಸಿಟಿಜನ್ ಆಗಿರೋದ್ರಿಂದ ರಿಟರ್ನ್ ಫೈಲ್ ಮಾಡೋದನ್ನ ತಪ್ಪಿಸ್ಕೊಳ್ಳೋಕಾಗಲ್ಲ. 2024ರ ಲೆಕ್ಕದಲ್ಲಿ ಮದುವೆ ಆಗ್ದೇ ಇರೋರಿಗೆ 14,600 ಡಾಲರ್ ಆದಾಯ ಇದ್ರೆ ಫೈಲಿಂಗು, ಮದುವೆಯಾಗಿ ಸೆಪರೇಟ್ ಆಗಿ ಫೈಲ್ ಮಾಡೋರಿಗೆ ಆ ಮಿತಿ ಬರೀ 5 ಡಾಲರ್! ಇಬ್ರು ಹೋಟ್ಲಲ್ಲಿ ಊಟ ಮಾಡಿದ್ರೆ ಆಗೋ ದುಡ್ಡು.

ಜಾಯಿಂಟ್ ರಿಟರ್ನ್ ಕೂಡ ಮಾಡ್ಬೋದು, ಹೆಂಡತೀನ ರೆಸಿಡೆಂಟ್ ಅಂತ ತಗೊಳ್ಳಿ ಅಂತ ಇಬ್ರೂ ಸಹಿ ಹಾಕ್ಕೊಟ್ಟು, ನಂಗೆ ಐಟಿಐಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗದೋರಿಗೆ ಕೊಡೋ ಅಮೆರಿಕದ ಟ್ಯಾಕ್ಸ್ ನಂಬರ್) ಮಾಡಿಸಿದ್ರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದ್ರೆ ಟ್ಯಾಕ್ಸ್ ಹಾಕೋ ಮುಂಚೆ ಆದಾಯದಿಂದ ಕಳೆಯೋ ಮೊತ್ತ, ಡಬಲ್ ಸಿಗುತ್ತೆ. ಆದ್ರೆ ಆಗ ನನ್ನ ಸಂಬಳ, ಮನೆ ಬಾಡಿಗೆ ಎಲ್ಲಾ ಅಮೆರಿಕದ ಲೆಕ್ಕಕ್ಕೆ ಸೇರುತ್ತೆ, ನನ್ನ ಎಸ್‌ಐಪಿ ಕೂಡ, ಭಾರತದ ಮ್ಯೂಚುವಲ್ ಫಂಡ್ ಅಂದ್ರೆ ಅಮೆರಿಕದ ಟ್ಯಾಕ್ಸ್‌ನವ್ರಿಗೆ ಪಿಎಫ್‌ಐಸಿ (ಹೂಡಿಕೆಯಿಂದಲೇ ಆದಾಯ ಬರೋ ವಿದೇಶಿ ಕಂಪನಿ), ಅದಕ್ಕೆ 8621 ಅಂತ ಬೇರೆ ಫಾರ್ಮು. ನಮಗೆ ಅದು ಬೇಡವೇ ಬೇಡ ಅನ್ನಿಸ್ತು. ಸೆಪರೇಟ್ ಅಂತ ಹಾಕಿ, ರಿಟರ್ನಿನ 1040 ಫಾರ್ಮಲ್ಲಿ ನನ್ನ ಸೋಶಿಯಲ್ ಸೆಕ್ಯುರಿಟಿ ನಂಬರ್ ಜಾಗದಲ್ಲಿ ಎನ್‌ಆರ್‌ಎ (ಅಮೆರಿಕದ ಸಿಟಿಜನ್ನೂ ಅಲ್ಲ, ಅಲ್ಲಿನ ರೆಸಿಡೆಂಟೂ ಅಲ್ಲ) ಅಂತ ಬರೆದ್ವಿ. ಆದಾಯ ಪೂರ್ತಿ ಸ್ಟ್ಯಾಂಡರ್ಡ್ ಡಿಡಕ್ಷನ್ ಒಳಗೇ ಮುಗಿದೋಯ್ತು, ವಿದೇಶದ ಸಂಬಳಕ್ಕೆ ವಿನಾಯಿತಿ ಕೇಳೋ 2555 ಫಾರ್ಮಿನ ಅಗತ್ಯಾನೇ ಬರ್ಲಿಲ್ಲ.

ಒಂದ್ ಕಡೆ ಹುಷಾರಾಗಿರಿ. ನಮ್ಮವ್ರು ಸಂಸ್ಥೆಯ ಪೇರೋಲಲ್ಲಿದಾರೆ, ಆದ್ರೆ ಸ್ವಂತ ಕೆಲಸದವ್ರ ಥರ ದುಡ್ಡು ತಗೊಳ್ಳೋರಿಗೆ ವರ್ಷಕ್ಕೆ 400 ಡಾಲರ್ ಉಳಿದ್ರೂ ಶೇ 15.3 ಸೆಲ್ಫ್ ಎಂಪ್ಲಾಯ್ಮೆಂಟ್ ಟ್ಯಾಕ್ಸ್ (ಅಲ್ಲಿನ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ, ಮೆಡಿಕೇರ್‌ಗೆ ಹೋಗೋ ದುಡ್ಡು) ಬೀಳುತ್ತೆ, ಭಾರತ ಅಮೆರಿಕ ನಡುವೆ ಸೋಶಿಯಲ್ ಸೆಕ್ಯುರಿಟಿ ಒಪ್ಪಂದ ಇಲ್ಲ, ಹಾಗಾಗಿ ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ.

ನಿಜವಾದ ಕೆಲಸ ಬ್ಯಾಂಕ್ ಖಾತೆಗಳದ್ದು. ನಮ್ಮ ಬ್ಯಾಂಕು ಬಡ್ಡಿ ಸರ್ಟಿಫಿಕೇಟ್ ಕೊಡೋದು ಏಪ್ರಿಲ್‌ನಿಂದ ಮಾರ್ಚ್‌ಗೆ, ಅಮೆರಿಕದ ರಿಟರ್ನ್‌ಗೆ ಬೇಕಿರೋದು ಜನವರಿಯಿಂದ ಡಿಸೆಂಬರ್‌ಗೆ, ಅದಕ್ಕೆ ನಾನು ಸ್ಟೇಟ್‌ಮೆಂಟ್ ಇಟ್ಕೊಂಡು ಬಡ್ಡಿ ಸಾಲು ಒಂದೊಂದೇ ಗುರುತು ಹಾಕಿ ಕೂಡ್ತೀನಿ. ಆಮೇಲೆ ಎಫ್‌ಬಿಎಆರ್, ಅಂದ್ರೆ ಹೊರದೇಶದ ಬ್ಯಾಂಕ್ ಖಾತೆಗಳ ವರದಿ. ನಮ್ಮನೆಯವ್ರ ಹೆಸರಿರೋ ಇಲ್ಲಿನ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಯಾವತ್ತಾದ್ರೂ 10,000 ಡಾಲರ್ ದಾಟಿದ್ರೆ ಪ್ರತಿ ಖಾತೇಲೂ ಆ ವರ್ಷ ಇದ್ದ ಅತಿ ಹೆಚ್ಚು ಬ್ಯಾಲೆನ್ಸ್ ಎಷ್ಟು ಅಂತ ಡಿಸೆಂಬರ್ 31ರ ರೇಟಲ್ಲಿ ಡಾಲರ್ ಮಾಡಿ ಆನ್‌ಲೈನಲ್ಲಿ ತುಂಬ್ಬೇಕು. ಜಾಯಿಂಟ್ ಖಾತೆ ಆದ್ರೆ ಅರ್ಧ ಅಲ್ಲ, ಪೂರ್ತಿ ಮೊತ್ತ! ನಮ್ಮಮ್ಮ ಎಫ್‌ಡಿಗೆ ಅಳಿಯಂದ್ರ ಹೆಸ್ರೂ ಹಾಕಿಸ್ತೀನಿ ಅಂದಾಗ "ಜಾಯಿಂಟ್ ಬೇಡಮ್ಮ, ನಾಮಿನಿ ನಾನಿದೀನಲ್ಲ" ಅಂದೆ, ಅಮ್ಮನ ದುಡ್ಡಿನ ಲೆಕ್ಕ ಅಮೆರಿಕಕ್ಕೆ ಯಾಕೆ ಹೋಗ್ಬೇಕು.

ಹಳೇ ವರ್ಷಗಳದ್ದು ಗೊತ್ತಿಲ್ದೆ ಬಿಟ್ಟೋಗಿರೋರಿಗೆ ಸ್ಟ್ರೀಮ್‌ಲೈನ್ಡ್ ಅಂತ ದಾರಿ ಇದೆ, ಮೂರು ವರ್ಷದ ರಿಟರ್ನ್, ಆರು ವರ್ಷದ ಎಫ್‌ಬಿಎಆರ್, ಜೊತೆಗೆ ಕಾರಣ ಬರೆದು 14653 ಫಾರ್ಮ್, ಹೊರದೇಶದಲ್ಲಿರೋರಿಗೆ ಅದ್ರಲ್ಲಿ ದಂಡ ಇಲ್ಲ. ಹೊರಗಿರೋರಿಗೆ ರಿಟರ್ನ್‌ಗೆ ಜೂನ್ 15ರವರೆಗೆ ಟೈಮ್ ಇದೆ, ಆದ್ರೆ ಟ್ಯಾಕ್ಸ್ ಕಟ್ಟೋದಿದ್ರೆ ಬಡ್ಡಿ ಏಪ್ರಿಲ್ 15ರಿಂದಲೇ ಓಡುತ್ತೆ. ನಾವು ರಿಟರ್ನ್ ಪ್ರಿಂಟ್ ತೆಗೆದು ಸಹಿ ಮಾಡಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿರೋ ಟ್ಯಾಕ್ಸ್ ಆಫೀಸಿಗೆ ಪೋಸ್ಟ್ ಮಾಡ್ತೀವಿ, ರಸೀದಿ ಫೈಲಿಗೆ ಪಿನ್ ಮಾಡಿ ಇಟ್ಕೊಳ್ತೀನಿ.